ಹುಲಿ ಕಾಡಿಗೆ ಹೋಗಿ ಬರೋಣ

ಶಿಕಾರಿ ಅಂದರೆ ಬೇಟೆ. ನಮ್ಮ ಶಿಕಾರಿಪುರದ ಹೆಸರಿನಲ್ಲೇ ಬೇಟೆ ಇದೆ. ಕೆಳದಿ ಅರಸರ ಕಾಲದಲ್ಲಿ ಈ ಊರಿಗೆ ಮಹಾದಾನಪುರ ಎಂಬ ಹೆಸರಿತ್ತಂತೆ. ಸುತ್ತಲೂ ದಟ್ಟ ಕಾಡು. ಕಾಡಿನ ತುಂಬ ಪ್ರಾಣಿಗಳು. ಬೇಟೆಗೆ ಒಳ್ಳೆಯ ಜಾಗ. ಹಾಗಾಗಿ ಹೈದರಾಲಿ ಕಾಲದಲ್ಲಿ ಶಿಕಾರಿಪುರ ಎಂಬ ಹೆಸರು ಬಂತು ಅಂತ ಹೇಳುತ್ತಾರೆ.

ಬಳ್ಳಿಗಾವಿಗೆ ಹೋದವರು ಕೇದಾರೇಶ್ವರ ಗುಡಿಯ ಮೇಲೆ ತಲೆ ಎತ್ತಿ ನೋಡಿ. ಸಳ ಎಂಬ ವೀರ ಹುಲಿಯ ಜೊತೆ ಹೋರಾಡುವ ಕಲ್ಲಿನ ಮೂರ್ತಿ ಇದೆ. ಅದು ಹೊಯ್ಸಳ ಅರಸರ ಗುರುತು. ಪುಣ್ಯಕೋಟಿಯ ಕಥೆ ನಿಮಗೆಲ್ಲ ಗೊತ್ತು. ಅದರಲ್ಲೂ ಹುಲಿ ಇದೆ. ಕಲ್ಲಿನಲ್ಲಿ ಹುಲಿ, ಕಥೆಯಲ್ಲಿ ಹುಲಿ, ಊರ ಹೆಸರಿನಲ್ಲಿ ಶಿಕಾರಿ. ಆದರೆ ನಮ್ಮಲ್ಲಿ ಎಷ್ಟು ಜನ ನಿಜವಾದ ಹುಲಿಯ ಕಾಡು ನೋಡಿದ್ದೇವೆ?

ನಮ್ಮ ಕಲಿಕಾ ಕೇಂದ್ರಗಳಲ್ಲಿ ಈ ಮಾತು ಬಂದಾಗಲೆಲ್ಲ ಒಂದೇ ಪ್ರಶ್ನೆ ಏಳುತ್ತದೆ. “ಟೀಚರ್, ಅದೆಲ್ಲ ದುಡ್ಡಿದ್ದೋರಿಗೆ. ನಮ್ಮಂಥೋರು ಹೋಗಾಕಾಗುತ್ತಾ?” ಆಗುತ್ತದೆ. ಆದರೆ ಸುಮ್ಮನೆ ಬಸ್ ಹತ್ತಿದರೆ ಆಗುವುದಿಲ್ಲ. ಮೊದಲು ಕೂತು ಯೋಚನೆ ಮಾಡಬೇಕು. ಎಲ್ಲಿಗೆ ಹೋಗೋದು, ಯಾವಾಗ ಹೋಗೋದು, ಎಷ್ಟು ಖರ್ಚು, ಯಾರನ್ನು ಕೇಳೋದು, ಮನೆ ಕಡೆ ಏನು ಏರ್ಪಾಟು. ಇದನ್ನು ಬೇರೆ ಯಾರೋ ನಮಗಾಗಿ ಮಾಡಿಕೊಡಬೇಕಾಗಿಲ್ಲ. ಒಂದು ನೋಟ್ ಪುಸ್ತಕ, ಒಂದು ಪೆನ್ನು ಇದ್ದರೆ ನಾವೇ ಮಾಡಿಕೊಳ್ಳಬಹುದು.

ಹುಲಿ ಕಾಡು ಅಂದರೆ ಯಾವುದು?

ಎಲ್ಲ ಕಾಡೂ ಒಂದೇ ಅಲ್ಲ. ನಾವು ಸೌದೆಗೆ, ಸೊಪ್ಪಿಗೆ ಹೋಗುವ ಕಾಡು ಬೇರೆ. ಕಾಡುಪ್ರಾಣಿಗಳಿಗೆ ಅಂತಲೇ ಸರ್ಕಾರ ಕಾಯ್ದಿಟ್ಟ ಕಾಡು ಬೇರೆ. ಇದಕ್ಕೆ 1972ರಲ್ಲಿ ಒಂದು ಕಾನೂನು ಬಂತು. ವನ್ಯಜೀವಿ ಸಂರಕ್ಷಣಾ ಕಾಯಿದೆ ಅಂತ ಅದರ ಹೆಸರು.

ಕಾಡಿನ ಬಾಗಿಲಲ್ಲಿ ದೊಡ್ಡ ಬೋರ್ಡು ಇರುತ್ತದೆ. ಅದರ ಮೇಲೆ ಮೂರು ಥರದ ಹೆಸರು ಕಾಣಬಹುದು. ‘ವನ್ಯಜೀವಿ ಅಭಯಾರಣ್ಯ’ ಅಂದರೆ ಪ್ರಾಣಿಗಳಿಗೆ ಅಭಯ ಕೊಟ್ಟ ಕಾಡು. ಅಲ್ಲಿ ಬೇಟೆ ಇಲ್ಲ. ಅಲ್ಲಿನ ಜನರಿಗೆ ಮೊದಲಿನಿಂದ ಇದ್ದ ಕೆಲವು ಹಕ್ಕುಗಳು ಮಾತ್ರ ಉಳಿದಿರಬಹುದು. ‘ರಾಷ್ಟ್ರೀಯ ಉದ್ಯಾನ’ ಅಂದರೆ ಇನ್ನೂ ಬಿಗಿ. ಅಲ್ಲಿ ದನ ಮೇಯಿಸುವಂತಿಲ್ಲ. ಕಡ್ಡಿ ಮುರಿಯುವಂತಿಲ್ಲ. ಉದ್ಯಾನ ಅಂದ ಕೂಡಲೆ ಹೂವಿನ ತೋಟ ಅಂದುಕೊಳ್ಳಬೇಡಿ. ಕಾಡೇ ಅದು. ಮೂರನೆಯದು ‘ಹುಲಿ ಸಂರಕ್ಷಿತ ಪ್ರದೇಶ’. ಹುಲಿ ಉಳಿಯಲಿ ಅಂತ ವಿಶೇಷವಾಗಿ ಕಾಯುವ ಕಾಡು. ಇದರಲ್ಲಿ ಒಳಕಾಡು, ಹೊರಕಾಡು ಅಂತ ಎರಡು ಭಾಗ. ಒಳಕಾಡು ಹುಲಿಯ ಮನೆ. ಹೊರಕಾಡು ಆ ಮನೆಯ ಅಂಗಳ ಇದ್ದಂತೆ.

ಒಂದೇ ಕಾಡಿಗೆ ಎರಡು ಹೆಸರೂ ಇರಬಹುದು. ಬಂಡೀಪುರ, ನಾಗರಹೊಳೆ ಹಾಗೆ. ಅವು ರಾಷ್ಟ್ರೀಯ ಉದ್ಯಾನವೂ ಹೌದು, ಹುಲಿ ಸಂರಕ್ಷಿತ ಪ್ರದೇಶವೂ ಹೌದು.

1973ರಲ್ಲಿ ದೇಶದಲ್ಲಿ ಹುಲಿ ಯೋಜನೆ ಶುರುವಾಯಿತು. ಮೊದಲು ಆರಿಸಿದ್ದು 9 ಕಾಡು. ಅದರಲ್ಲಿ ನಮ್ಮ ಬಂಡೀಪುರವೂ ಒಂದು. ಈಗ ಕರ್ನಾಟಕದಲ್ಲಿ ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ, ಬಿಳಿಗಿರಿರಂಗನ ಬೆಟ್ಟ ಹೀಗೆ 5 ಹುಲಿ ಸಂರಕ್ಷಿತ ಪ್ರದೇಶಗಳಿವೆ. 2006ರ ಎಣಿಕೆಯಲ್ಲಿ ಇಡೀ ದೇಶದಲ್ಲಿ ಸುಮಾರು 1,411 ಹುಲಿಗಳಿದ್ದವು. 2022ರ ಎಣಿಕೆಯಲ್ಲಿ ಅದು ಸುಮಾರು 3,682 ಆಯಿತು. ಅದರಲ್ಲಿ ಕರ್ನಾಟಕದ್ದು 563. ಮಧ್ಯಪ್ರದೇಶ ಬಿಟ್ಟರೆ ನಾವೇ ಮುಂದೆ.

“ಕಾಡಿನಲ್ಲಿ ಓಡಾಡೋ ಹುಲಿನ ಹ್ಯಾಗೆ ಎಣಿಸ್ತಾರೆ?” ಒಳ್ಳೆಯ ಪ್ರಶ್ನೆ. ನಮ್ಮ ಹೆಬ್ಬೆಟ್ಟಿನ ಗುರುತು ಇದೆಯಲ್ಲ, ಒಬ್ಬರದ್ದು ಇನ್ನೊಬ್ಬರಿಗೆ ಹೋಲುವುದಿಲ್ಲ. ಹುಲಿಯ ಮೈಮೇಲಿನ ಪಟ್ಟೆಯೂ ಹಾಗೇ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ. ಹುಲಿ ನಡೆಯುವ ದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟುತ್ತಾರೆ. ಹುಲಿ ಹಾದು ಹೋದಾಗ ತಾನೇ ಫೋಟೋ ತೆಗೆಯುತ್ತದೆ. ಆಮೇಲೆ ಪಟ್ಟೆ ನೋಡಿ ಇದು ಯಾವ ಹುಲಿ ಅಂತ ಗುರುತು ಹಿಡಿಯುತ್ತಾರೆ. ನಾಗರಹೊಳೆಯಲ್ಲಿ ಹೀಗೆ ಎಣಿಸುವ ಕೆಲಸ ಮಾಡಿ ಹೆಸರಾದವರು ಉಲ್ಲಾಸ ಕಾರಂತರು. ಕಾದಂಬರಿ ಬರೆದ ಶಿವರಾಮ ಕಾರಂತರ ಮಗ ಅವರು.

ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ದೊಡ್ಡ ಪ್ರಾಣಿ ಬೇಕು. ಅಂದರೆ ವಾರಕ್ಕೊಂದು ಜಿಂಕೆ ಅಂತ ಇಟ್ಟುಕೊಳ್ಳಿ. ಜಿಂಕೆ ಇರಬೇಕಾದರೆ ಹುಲ್ಲು ಬೇಕು, ನೀರು ಬೇಕು. ಕಾಡಿನಲ್ಲಿ ಜಿಂಕೆ ಕಡಿಮೆಯಾದರೆ ಹುಲಿ ದನದ ಕಡೆ ಬರುತ್ತದೆ. ಕಾಡು ದೊಡ್ಡದಿರಬೇಕು ಅನ್ನುವುದು ಇದಕ್ಕೇ.

ನಮಗೆ ಹತ್ತಿರ ಭದ್ರಾ

ಸೊರಬ, ಶಿಕಾರಿಪುರದವರಿಗೆ ಬಂಡೀಪುರ ಬಹಳ ದೂರ. ಸೊರಬದಿಂದ ಶಿರಸಿ, ಯಲ್ಲಾಪುರ ದಾಟಿ ಹೋದರೆ ಕಾಳಿ ಕಾಡು ಸಿಗುತ್ತದೆ. ಅಣಶಿ ರಾಷ್ಟ್ರೀಯ ಉದ್ಯಾನ ಇರುವುದು ಅಲ್ಲೇ. ಅದೂ ಒಂದೇ ದಿನದಲ್ಲಿ ಹೋಗಿ ಬರುವ ದಾರಿಯಲ್ಲ. ನಮಗೆ ಸುಲಭದ್ದು ಭದ್ರಾ ಹುಲಿ ಸಂರಕ್ಷಿತ ಪ್ರದೇಶ. ಇದು ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹರಡಿದೆ. 1974ರಲ್ಲಿ ಅಭಯಾರಣ್ಯವಾಯಿತು. 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಇದು ರಾಷ್ಟ್ರೀಯ ಉದ್ಯಾನ ಅಲ್ಲ. ಬೋರ್ಡಿನಲ್ಲಿ ಆ ಹೆಸರು ಹುಡುಕಬೇಡಿ.

ಈ ಕಾಡಿಗೆ ಹೋಗಲು ಎರಡು ಬಾಗಿಲು. ಚಿಕ್ಕಮಗಳೂರು ಕಡೆಯದ್ದು ಮುತ್ತೋಡಿ. ನಮ್ಮ ಕಡೆಯದ್ದು ಲಕ್ಕವಳ್ಳಿ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆ ಇದೆ. ಶಿಕಾರಿಪುರದಿಂದ ಶಿವಮೊಗ್ಗಕ್ಕೆ ಸುಮಾರು 50 ಕಿಲೋಮೀಟರು. ಶಿವಮೊಗ್ಗದಿಂದ ಬಿ.ಆರ್. ಪ್ರಾಜೆಕ್ಟ್ ಮೇಲೆ ಲಕ್ಕವಳ್ಳಿಗೆ ಇನ್ನೂ ಒಂದು ಗಂಟೆ ದಾರಿ. ಸೊರಬದವರು ಶಿರಾಳಕೊಪ್ಪ, ಶಿಕಾರಿಪುರದ ಮೇಲೆ ಬರಬಹುದು.

ಲಕ್ಕವಳ್ಳಿಯಿಂದ ಜೀಪಿನಲ್ಲಿ ಕಾಡಿನೊಳಗೆ ಕರೆದುಕೊಂಡು ಹೋಗುತ್ತಾರೆ. ಇದಕ್ಕೆ ಸಫಾರಿ ಅನ್ನುತ್ತಾರೆ. ಹಿನ್ನೀರಿನಲ್ಲಿ ದೋಣಿಯ ಸಫಾರಿಯೂ ಇದೆ. ಅಲ್ಲೇ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿಗೃಹ ಇದೆ. ಅಲ್ಲಿ ರಾತ್ರಿ ಉಳಿಯುವುದು ದುಬಾರಿ. ನಮ್ಮ ಲೆಕ್ಕಕ್ಕೆ ಅದನ್ನು ಬಿಟ್ಟುಬಿಡೋಣ.

ಈ ಕಾಡಿನ ಒಂದು ಸಂಗತಿ ತಿಳಿದುಕೊಂಡು ಹೋಗಬೇಕು. ಮೊದಲು ಕಾಡಿನ ಒಳಗೇ ಊರುಗಳಿದ್ದವು. ಒಟ್ಟು 11 ಊರು. ನಾಲ್ಕುನೂರಕ್ಕೂ ಹೆಚ್ಚು ಕುಟುಂಬ. ಬೆಳೆಗೆ ಆನೆ ಕಾಟ, ದನಕ್ಕೆ ಹುಲಿ ಕಾಟ. ಹೆರಿಗೆ ನೋವು ಬಂದರೆ ಆಸ್ಪತ್ರೆ ದೂರ. ಮಕ್ಕಳಿಗೆ ಶಾಲೆ ದೂರ. 2001–02ರ ಹೊತ್ತಿಗೆ ಈ ಕುಟುಂಬಗಳನ್ನು ಹೊರಗೆ ತಂದು ನೆಲೆ ಮಾಡಿಸಿದರು. ಹೆಚ್ಚಿನವರಿಗೆ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ಜಮೀನು, ಮನೆ ಜಾಗ ಕೊಟ್ಟರು. ದೇಶದ ಬೇರೆ ಕಡೆ ಜನರನ್ನು ಎಬ್ಬಿಸಿದ ಕಥೆಗಳಲ್ಲಿ ಕಣ್ಣೀರೇ ಹೆಚ್ಚು. ಭದ್ರಾದ್ದು ಅದಕ್ಕಿಂತ ಚೆನ್ನಾಗಿ ಆಯಿತು ಅಂತ ತಿಳಿದವರು ಹೇಳುತ್ತಾರೆ. ಹಾಗಂತ ಹುಟ್ಟಿದ ಊರು, ಹಿರಿಯರ ಸಮಾಧಿ, ಊರ ದೇವರ ಕಟ್ಟೆ ಬಿಟ್ಟು ಬರುವುದು ಸಣ್ಣ ಮಾತೇ? ಶರಾವತಿ ಹಿನ್ನೀರಿನಲ್ಲಿ ಮನೆ ಕಳೆದುಕೊಂಡವರ ನೆಂಟಸ್ತಿಕೆ ನಮ್ಮ ಕಡೆ ಬೇಕಾದಷ್ಟು ಇದೆ. ಅವರನ್ನು ಕೇಳಿದರೆ ಗೊತ್ತಾಗುತ್ತದೆ. ಜೀಪಿನಲ್ಲಿ ಹೋಗುವಾಗ ಕಾಡಿನ ನಡುವೆ ಬಯಲು ಕಂಡರೆ, ಹಳೆಯ ಮಾವಿನ ಮರ, ಹುಣಸೆ ಮರ ಕಂಡರೆ ನೆನಪಿಸಿಕೊಳ್ಳಿ. ಅಂಥ ಕಡೆ ಒಂದು ಕಾಲಕ್ಕೆ ಒಲೆ ಉರಿದಿರಬಹುದು.

ಯಾವಾಗ ಹೋಗೋದು?

ಮಳೆಗಾಲದಲ್ಲಿ ಬೇಡ. ಕಾಡಿನ ದಾರಿ ಕೆಸರಾಗುತ್ತದೆ. ಎಷ್ಟೋ ಸಲ ಸಫಾರಿ ನಿಲ್ಲಿಸುತ್ತಾರೆ. ಅಲ್ಲದೆ ನಮಗೂ ಅದು ನಾಟಿಯ ಕಾಲ. ದೀಪಾವಳಿ ಆದಮೇಲೆ ಜೋಳದ ಕೆಲಸ, ಭತ್ತದ ಕೊಯ್ಲು, ಅಡಿಕೆ ಸುಲಿಯೋದು. ಕೈಗೆ ಬಿಡುವು ಸಿಗುವುದು ಸಂಕ್ರಾಂತಿ ಕಳೆದ ಮೇಲೆ. ಮಾರ್ಚಿಗೆ ಮಕ್ಕಳ ಪರೀಕ್ಷೆ ಬರುತ್ತದೆ. ಆದ್ದರಿಂದ ಜನವರಿ ಕೊನೆ ಅಥವಾ ಫೆಬ್ರವರಿ ನಮಗೆ ಸರಿಯಾದ ಕಾಲ. ಆಗ ಕಾಡಿನಲ್ಲಿ ಎಲೆ ಉದುರಿರುತ್ತದೆ, ದೂರದವರೆಗೂ ಕಾಣುತ್ತದೆ. ಪ್ರಾಣಿಗಳು ನೀರಿಗೆ ಅಂತ ಹೊಳೆ ಕಡೆಗೆ ಬರುತ್ತವೆ.

ಆದರೆ ಅದೇ ಕಾಲದಲ್ಲಿ ಇನ್ನೊಂದು ಭಯ ಇದೆ. ಮಂಗನ ಕಾಯಿಲೆ. ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು ನಮ್ಮ ಸೊರಬ ತಾಲ್ಲೂಕಿನಲ್ಲೇ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು. ಜನರಿಗೂ ಜ್ವರ ಬಂತು. ಅದಕ್ಕೇ ಪ್ರಪಂಚದ ವೈದ್ಯರೆಲ್ಲ ಇದನ್ನು ಕ್ಯಾಸನೂರು ಕಾಡಿನ ಕಾಯಿಲೆ ಅಂತ ಕರೆಯುತ್ತಾರೆ. ಇದನ್ನು ಹರಡುವುದು ಉಣ್ಣೆ. ನಮ್ಮ ಕಡೆ ಉಣುಗು ಅಂತಲೂ ಅನ್ನುತ್ತೇವೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಕಾಟ ಹೆಚ್ಚು.

ಜೀಪಿನಲ್ಲಿ ಕೂತವರಿಗೆ ಅಷ್ಟು ಭಯ ಇಲ್ಲ. ದಾರಿಯಲ್ಲಿ ಊಟಕ್ಕೆ ಅಂತ ಮರದ ಕೆಳಗೆ ಕೂರುತ್ತೇವಲ್ಲ, ಅಲ್ಲಿ ಎಚ್ಚರ ಬೇಕು. ಒಣಗಿದ ತರಗೆಲೆ ಮೇಲೆ ಕೂರಬೇಡಿ. ಮೈ ತುಂಬ ಬಟ್ಟೆ ಇರಲಿ. ಉಣ್ಣೆ ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಡೆಪಾ ಎಣ್ಣೆ ಕೊಡುತ್ತಾರೆ. ಆಶಾ ಕಾರ್ಯಕರ್ತೆಯನ್ನು ಕೇಳಿ ನೋಡಿ. ಮನೆಗೆ ಬಂದಮೇಲೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ. ಉಟ್ಟ ಬಟ್ಟೆಯನ್ನೂ ಬಿಸಿನೀರಿನಲ್ಲಿ ನೆನೆಸಿ. ಒಂದೆರಡು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಸರ್ಕಾರಿ ಆಸ್ಪತ್ರೆಗೆ ಹೋಗಿ, “ಕಾಡಿಗೆ ಹೋಗಿದ್ದೆ” ಅಂತ ಡಾಕ್ಟರಿಗೆ ಹೇಳಿ. ಆ ಒಂದು ಮಾತು ಬಹಳ ಮುಖ್ಯ.

ಖರ್ಚಿನ ಲೆಕ್ಕ

ಬಸ್ಸಿನ ವಿಚಾರ ಮೊದಲು ನೋಡೋಣ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಕರ್ನಾಟಕದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದೊಳಗೆ ದುಡ್ಡಿಲ್ಲ. ಆಧಾರ್ ಕಾರ್ಡಿನಂಥ ಗುರುತಿನ ಚೀಟಿ ತೋರಿಸಬೇಕು. ಕಂಡಕ್ಟರಿಂದ ಶೂನ್ಯ ಟಿಕೆಟ್ ಕೇಳಿ ಪಡೆಯಬೇಕು. ಆದರೆ ನಮ್ಮ ತಾಲ್ಲೂಕುಗಳಲ್ಲಿ ಖಾಸಗಿ ಬಸ್ಸೇ ಹೆಚ್ಚು. ಅದರಲ್ಲಿ ಈ ಸವಲತ್ತು ಇಲ್ಲ. ಹತ್ತುವ ಮೊದಲು ಬಸ್ಸಿನ ಮೇಲೆ ಏನು ಬರೆದಿದೆ ಅಂತ ಓದಿ ಹತ್ತಿ.

ಬಸ್ಸಿನಲ್ಲಿ ಹೋಗಲು ಒಂದು ತೊಡಕಿದೆ. ಸಫಾರಿ ಇರುವುದು ಬೆಳಗ್ಗೆ, ಇಲ್ಲವೆ ಸಂಜೆ. ಬೆಳಗಿನದು ಸೂರ್ಯ ಹುಟ್ಟುವ ಹೊತ್ತಿಗೇ ಹೊರಡುತ್ತದೆ. ಅಷ್ಟು ಹೊತ್ತಿಗೆ ಸೊರಬದಿಂದ ಲಕ್ಕವಳ್ಳಿ ಮುಟ್ಟುವುದು ಕಷ್ಟ. ಸಂಜೆಯದು ಮುಗಿಯುವಾಗ ಕತ್ತಲಾಗುತ್ತದೆ. ಆಮೇಲೆ ಬಸ್ ಹುಡುಕುತ್ತಾ ಹೆಂಗಸರು, ಮಕ್ಕಳು ರಸ್ತೆಯಲ್ಲಿ ನಿಲ್ಲುವುದು ಬೇಡ. ಹತ್ತು ಹನ್ನೆರಡು ಜನ ಸೇರಿ ಒಂದು ಗಾಡಿ ಮಾಡಿಕೊಳ್ಳುವುದೇ ಸರಿ ಅಂತ ನಮ್ಮ ಅಭಿಪ್ರಾಯ. ಊರಿನವರೇ ಆದ, ಗೊತ್ತಿರುವ ಡ್ರೈವರ್ ಇರಲಿ.

ಈಗ ನೋಟ್ ಪುಸ್ತಕ ತೆಗೆಯಿರಿ. ಇದು ಬರಿ ಉದಾಹರಣೆ. ನಿಜವಾದ ದರ ನೀವೇ ಕೇಳಿ ಬರೆದುಕೊಳ್ಳಬೇಕು.

ಗಾಡಿ ಬಾಡಿಗೆ 6,000 ರೂಪಾಯಿ ಅಂತ ಇಟ್ಟುಕೊಳ್ಳೋಣ. 12 ಜನ ಆದರೆ ತಲೆಗೆ 500. ಸಫಾರಿಗೆ ತಲೆಗೆ 600 ಅಂದುಕೊಳ್ಳೋಣ. ಚಹಾ, ಅದು ಇದು ಅಂತ 100. ಒಟ್ಟು 1,200 ರೂಪಾಯಿ. ಊಟ ಮನೆಯಿಂದಲೇ ಬುತ್ತಿ. ಒಂದೇ ಸಲ 1,200 ತೆಗೆಯುವುದು ಕಷ್ಟ. ಸಂಘದ ಉಳಿತಾಯದ ಜೊತೆಗೆ ವಾರಕ್ಕೆ 25 ರೂಪಾಯಿ ಬೇರೆ ಇಟ್ಟರೆ? 48 ವಾರಕ್ಕೆ 1,200 ಆಗುತ್ತದೆ. ಈ ವರ್ಷ ಶುರು ಮಾಡಿದರೆ ಮುಂದಿನ ವರ್ಷ ಹೋಗಬಹುದು.

ಇನ್ನೊಂದು ಲೆಕ್ಕ ಮರೆಯಬಾರದು. ಹೊರಡುವ ಹಿಂದಿನ ದಿನ ಇಬ್ಬರು “ನಾವು ಬರಲ್ಲ” ಅಂದರೆ? ಗಾಡಿ ಬಾಡಿಗೆ ಕಡಿಮೆಯಾಗುವುದಿಲ್ಲ. ಉಳಿದ 10 ಜನಕ್ಕೆ ತಲೆಗೆ 600 ಬೀಳುತ್ತದೆ. ಹೆಚ್ಚಿಗೆ 100 ಯಾರು ಕೊಡಬೇಕು? ಬಾರದವರ ದುಡ್ಡು ವಾಪಸ್ ಕೊಡಬೇಕೋ ಬೇಡವೋ? ಇದನ್ನು ಮೊದಲೇ ಮಾತಾಡಿ, ಪುಸ್ತಕದಲ್ಲಿ ಬರೆದು, ಎಲ್ಲರೂ ಸಹಿ ಹಾಕಿ. ಪ್ರವಾಸಕ್ಕೆ ಹೋಗಿ ಬಂದು ಜಗಳವಾಡಿದ ಸಂಘಗಳು ಇವೆ. ದುಡ್ಡಿನ ಮಾತು ಮೊದಲೇ ಆಗಿದ್ದರೆ ಆ ಜಗಳ ಬರುತ್ತಿರಲಿಲ್ಲ.

ಮೊದಲೇ ಜಾಗ ಹಿಡಿಯಬೇಕು

ಸಫಾರಿ ಜೀಪಿನಲ್ಲಿ ಸೀಟು ಕಡಿಮೆ. ಭಾನುವಾರ, ರಜಾದಿನ ಬಹಳ ಜನ ಬರುತ್ತಾರೆ. ವಾರದ ನಡುವೆ ಹೋಗುವುದು ಒಳ್ಳೆಯದು. ಈಗ ಬಹಳಷ್ಟು ಕಡೆ ಕಂಪ್ಯೂಟರಿನಲ್ಲೇ ಸೀಟು ಕಾಯ್ದಿರಿಸುತ್ತಾರೆ. ಹೈಸ್ಕೂಲು, ಕಾಲೇಜು ಓದುವ ಮಗಳು, ಸೊಸೆ ಇದ್ದರೆ ಅವರಿಂದ ಮಾಡಿಸಿ. ಆದರೆ ಪಕ್ಕದಲ್ಲಿ ಕೂತು ದಿನಾಂಕ, ಸಮಯ, ದುಡ್ಡು ಮೂರನ್ನೂ ನೀವೇ ಓದಿ ನೋಡಿ. ರಸೀದಿ ಇಟ್ಟುಕೊಳ್ಳಿ.

ಗುಂಪಾಗಿ ಹೋಗುವಾಗ ಕಾಗದ ಬರೆದು ಕೇಳುವುದೂ ಒಂದು ದಾರಿ. ಹೀಗೆ ಬರೆಯಬಹುದು.

ಇವರಿಗೆ,
ವಲಯ ಅರಣ್ಯಾಧಿಕಾರಿಗಳು,
ಲಕ್ಕವಳ್ಳಿ ವನ್ಯಜೀವಿ ವಲಯ, ಲಕ್ಕವಳ್ಳಿ.

ಮಾನ್ಯರೇ,
ನಾವು ಸೊರಬ ತಾಲ್ಲೂಕು ............ ಗ್ರಾಮದ ಮಹಿಳಾ ಸಂಘದವರು. ನಾವು 12 ಜನ ............ ದಿನಾಂಕದಂದು ಭದ್ರಾ ಕಾಡು ನೋಡಲು ಬರಬೇಕು ಎಂದಿದ್ದೇವೆ. ಅಂದು ಸಂಜೆ ಸಫಾರಿ ಇದೆಯೇ, ಒಬ್ಬರಿಗೆ ಶುಲ್ಕ ಎಷ್ಟು, ಎಷ್ಟು ಗಂಟೆಗೆ ಬಂದು ಸೇರಬೇಕು, ಹೆಂಗಸರಿಗೆ ಶೌಚಾಲಯ ಎಲ್ಲಿದೆ ಎಂದು ದಯಮಾಡಿ ತಿಳಿಸಬೇಕಾಗಿ ಕೋರುತ್ತೇವೆ.
ಇಂತಿ ತಮ್ಮ ವಿಶ್ವಾಸಿಗಳು,
(ಎಲ್ಲರ ಸಹಿ)

ಶೌಚಾಲಯದ ಮಾತು ಕಾಗದದಲ್ಲಿ ಯಾಕೆ ಅಂತ ನಗಬೇಡಿ. ಒಮ್ಮೆ ಜೀಪು ಹತ್ತಿದರೆ ಮುಗಿಯುವ ತನಕ ಇಳಿಯುವ ಹಾಗಿಲ್ಲ. ಎರಡು ಗಂಟೆ, ಎರಡೂವರೆ ಗಂಟೆ ಆಗಬಹುದು. ಕಾಡಿನ ನಡುವೆ “ಸ್ವಲ್ಪ ನಿಲ್ಸಿ” ಅಂದರೆ ನಿಲ್ಲಿಸುವುದಿಲ್ಲ, ನಿಲ್ಲಿಸಲೂಬಾರದು. ಹತ್ತುವ ಮೊದಲೇ ಹೋಗಿ ಬನ್ನಿ. ಗರ್ಭಿಣಿಯರು, ಬೆನ್ನುನೋವಿನವರು ಜೀಪು ಹತ್ತಬೇಡಿ, ದಾರಿ ಬಹಳ ಕುಲುಕುತ್ತದೆ. ಅವರು ದೋಣಿ ಇದೆಯೇ ಅಂತ ಕೇಳಬಹುದು. ಹಾಲು ಕುಡಿಯುವ ಮಗುವನ್ನೂ ಕರೆದುಕೊಂಡು ಹೋಗಬೇಡಿ. ಮಗು ಅತ್ತರೆ ಎಲ್ಲರಿಗೂ ತೊಂದರೆ, ಮಗುವಿಗೂ ತೊಂದರೆ.

ಆ ದಿನ

ಸೊರಬದವರು ಬೆಳಗ್ಗೆ ಎಂಟೂವರೆಗೆ ಹೊರಟರೆ ಹತ್ತು ಗಂಟೆಗೆ ಶಿಕಾರಿಪುರದವರನ್ನು ಹತ್ತಿಸಿಕೊಳ್ಳಬಹುದು. ಶಿವಮೊಗ್ಗದಲ್ಲಿ ಸ್ವಲ್ಪ ನಿಂತು, ಎರಡು ಗಂಟೆಯೊಳಗೆ ಲಕ್ಕವಳ್ಳಿ ಸೇರಿ. ಊಟ ಮುಗಿಸಿ, ಸಂಜೆಯ ಸಫಾರಿಗೆ ಸಿದ್ಧರಾಗಿ. ಮುಗಿದು ವಾಪಸ್ ಬರುವಾಗ ಶಿಕಾರಿಪುರಕ್ಕೆ ರಾತ್ರಿ ಒಂಬತ್ತು, ಸೊರಬಕ್ಕೆ ಹತ್ತು ದಾಟುತ್ತದೆ. ಹಾಗಾದರೆ ಅವತ್ತು ಸಂಜೆ ಹಾಲು ಕರೆಯುವವರು ಯಾರು? ರಾತ್ರಿ ಅಡುಗೆ ಮಾಡುವವರು ಯಾರು? ಅತ್ತೆಗೆ ಮಾತ್ರೆ ಕೊಡುವವರು ಯಾರು? ಪ್ರವಾಸದ ಪುಸ್ತಕಗಳಲ್ಲಿ ಇದನ್ನು ಯಾರೂ ಬರೆಯುವುದಿಲ್ಲ. ಆದರೆ ಹೆಂಗಸರ ಪ್ರವಾಸ ನಿಲ್ಲುವುದು ಇಲ್ಲೇ. ಗಂಡ, ಮಗ, ಪಕ್ಕದ ಮನೆಯ ಅಕ್ಕ ಯಾರು ಏನು ಮಾಡಬೇಕು ಅಂತ ಒಂದು ವಾರ ಮೊದಲೇ ಹೇಳಿ ಒಪ್ಪಿಸಿ. “ನೀನಿಲ್ಲದೆ ಆಗಲ್ಲ” ಅನ್ನುತ್ತಾರೆ. ಒಂದು ದಿನ ಆಗುತ್ತದೆ.

ಬಟ್ಟೆ ಮಣ್ಣಿನ ಬಣ್ಣ, ಎಲೆ ಬಣ್ಣದ್ದಾಗಿರಲಿ. ಮಿರಮಿರ ಮಿಂಚುವ ಸೀರೆ ಬೇಡ. ಮಲ್ಲಿಗೆ ಹೂವೂ ಬೇಡ, ಸೆಂಟೂ ಬೇಡ. ಪ್ರಾಣಿಗಳಿಗೆ ವಾಸನೆ ಬಹಳ ಬೇಗ ತಿಳಿಯುತ್ತದೆ. ಹೂ ಬೇಡ ಅಂದರೆ ಕೆಲವರಿಗೆ ಬೇಜಾರು. ಮುಡಿಯಲೇಬೇಕು ಅನ್ನುವವರು ಸಫಾರಿ ಮುಗಿದ ಮೇಲೆ ಮುಡಿಯಿರಿ. ಗಲಗಲ ಬಳೆ ಕಡಿಮೆ ಇರಲಿ. ಸಂಜೆ ಚಳಿ ಆಗುತ್ತದೆ, ಒಂದು ಶಾಲು ಇಟ್ಟುಕೊಳ್ಳಿ. ತಿಂಡಿಯ ಪ್ಲಾಸ್ಟಿಕ್ ಕವರು ಕಾಡಿನಲ್ಲಿ ಬಿಸಾಡಬೇಡಿ. ಜಿಂಕೆ ಅದನ್ನು ತಿಂದು ಸಾಯುತ್ತದೆ. ಮಂಗಗಳಿಗೆ ಬಾಳೆಹಣ್ಣು ಎಸೆಯಬೇಡಿ.

ಒಳಗೆ ಹೋದಮೇಲೆ ಮಾತು ನಿಲ್ಲಿಸಿ. ಕಿವಿ ಬಿಟ್ಟು ಕೇಳಿ. ಕಾಡಿನಲ್ಲಿ ಹುಲಿ ಬರುವ ಸುದ್ದಿ ಮೊದಲು ಗೊತ್ತಾಗುವುದು ಕಣ್ಣಿಗಲ್ಲ, ಕಿವಿಗೆ. ಮರದ ಮೇಲಿನ ಮುಸಿಯ ಕೂಗುತ್ತದೆ. ಚುಕ್ಕೆ ಜಿಂಕೆ ಬಾಲ ಎತ್ತಿ ಕೂಗುತ್ತದೆ. ಕಡವೆ ಕೂಗಿದರಂತೂ ಡ್ರೈವರ್ ಜೀಪು ನಿಲ್ಲಿಸಿಯೇ ನಿಲ್ಲಿಸುತ್ತಾನೆ. ದನ ಕಾಯುವವರಿಗೆ ಇದೇನು ಹೊಸದಲ್ಲ. ದನ ಬೆದರಿ ಕಿವಿ ನಿಮಿರಿಸಿದರೆ ಪೊದೆಯಲ್ಲಿ ಏನೋ ಇದೆ ಅಂತ ನಮಗೆ ಗೊತ್ತಲ್ಲ, ಹಾಗೇ.

ನಮ್ಮ ಕಡೆ ಚಿರತೆಯನ್ನೂ ಹುಲಿ ಅಂತಲೇ ಅನ್ನುವುದುಂಟು. ಮೈಮೇಲೆ ಪಟ್ಟೆ ಇದ್ದರೆ ಹುಲಿ. ಚುಕ್ಕೆ ಇದ್ದರೆ ಚಿರತೆ. ಚಿರತೆ ಮರ ಹತ್ತುತ್ತದೆ, ಊರಂಚಿನಲ್ಲೂ ಬದುಕುತ್ತದೆ, ನಾಯಿ ಹಿಡಿಯುತ್ತದೆ. ಹುಲಿಗೆ ದೊಡ್ಡ ಕಾಡೇ ಬೇಕು.

ಇನ್ನು ಮುಖ್ಯವಾದ ಮಾತು. ಹುಲಿ ಕಾಣದೆ ಇರಬಹುದು. ಹುಲಿ ಕಾಡಿಗೆ ಹೋದವರಲ್ಲಿ ಹೆಚ್ಚಿನವರು ಹುಲಿ ನೋಡದೇ ಬರುತ್ತಾರೆ. ಭದ್ರಾ ಕಾಡು ದಟ್ಟ. ಹುಲಿ ಅಡಗುವುದರಲ್ಲಿ ಗಟ್ಟಿಗ. “ಹುಲಿ ತೋರಿಸಿಯೇ ತೋರಿಸ್ತೀವಿ, ಇಷ್ಟು ಹೆಚ್ಚಿಗೆ ಕೊಡಿ” ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹುಲಿಗೆ ಯಾರೂ ಹೇಳಿ ಕಳಿಸಲು ಆಗುವುದಿಲ್ಲ. ಈ ಮಾತು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡು, ಆದರೂ ಹೋಗಬೇಕೇ ಅಂತ ಯೋಚಿಸಿ. ನಾವಂತೂ ಹೋಗಬೇಕು ಅನ್ನುತ್ತೇವೆ. ಕಾಡುಕೋಣ, ಆನೆ, ಕಡವೆ, ನವಿಲು ಇವೆ. ಮರದಿಂದ ಮರಕ್ಕೆ ಹಾರುವ, ಬೆಕ್ಕಿನಷ್ಟು ದೊಡ್ಡ ಕೆಂದಳಿಲು ಇದೆ. ಬೇಸಿಗೆಯಲ್ಲಿ ಹಿನ್ನೀರಿನ ನಡುಗಡ್ಡೆಗಳಲ್ಲಿ ರೀವ ಹಕ್ಕಿಗಳು ಸಾವಿರಗಟ್ಟಲೆ ಬಂದು ಮೊಟ್ಟೆ ಇಡುತ್ತವೆ. ತೇಗ, ಮತ್ತಿ, ಹೊನ್ನೆ, ನಂದಿ, ಬೀಟೆ ಮರ ಆಕಾಶಕ್ಕೆ ನಿಂತಿವೆ. ಪೇಟೆಯವರಿಗೆ ಅದೆಲ್ಲ ಬರಿ ಮರ. ನಿಮಗೆ ಒಂದೊಂದರ ಹೆಸರೂ ಗೊತ್ತು, ಉಪಯೋಗವೂ ಗೊತ್ತು.

ಅಣೆಕಟ್ಟೆಯ ಮೇಲೆ ನಿಂತು ನೀರು ನೋಡಿ. ಭದ್ರೆ ಹುಟ್ಟುವುದು ಗಂಗಾಮೂಲದಲ್ಲಿ, ಕುದುರೆಮುಖದ ಕಾಡಿನಲ್ಲಿ. ಈ ನೀರು ಭದ್ರಾವತಿ, ದಾವಣಗೆರೆ ಕಡೆಯ ಗದ್ದೆಗಳಿಗೆ ಹೋಗುತ್ತದೆ. ಮಳೆ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವುದು ಕಾಡು. ನಮ್ಮ ಕುಮುದ್ವತಿ, ದಂಡಾವತಿ, ವರದಾ ಹೊಳೆಗಳ ತಲೆಯ ಕಡೆಯೂ ಒಮ್ಮೆ ದಟ್ಟ ಕಾಡಿತ್ತು. ಈಗ ಎಷ್ಟು ಉಳಿದಿದೆ, ಬೇಸಿಗೆಯಲ್ಲಿ ಹೊಳೆ ಎಷ್ಟು ಹರಿಯುತ್ತದೆ ಅಂತ ನಿಮ್ಮೂರಿನ ಅಜ್ಜಿಯರನ್ನು ಕೇಳಿ.

ಮೊದಲು ಹತ್ತಿರದ್ದು

ಒಮ್ಮೆಲೇ ಲಕ್ಕವಳ್ಳಿಗೆ ಹೋಗಲು ಧೈರ್ಯ ಸಾಲದೇ? ಮೊದಲು ಗುಡವಿಗೆ ಹೋಗಿ ಬನ್ನಿ. ಸೊರಬದಿಂದ ಸುಮಾರು 15 ಕಿಲೋಮೀಟರು. ಕೆರೆಯ ಮರಗಳಲ್ಲಿ ಬೆಳ್ಳಕ್ಕಿ, ಕೆಂಬರಲು, ನೀರುಕಾಗೆ ಗೂಡು ಕಟ್ಟುತ್ತವೆ. ಅದು ಪಕ್ಷಿಗಳ ಅಭಯಾರಣ್ಯ. ಅಲ್ಲಿಗೆ ಮಳೆಗಾಲದಲ್ಲಿ, ಮಳೆ ಮುಗಿದ ಹೊಸದರಲ್ಲಿ ಹೋಗಬೇಕು. ಅರ್ಧ ದಿನ ಸಾಕು. ಗಾಡಿ ಮಾಡುವುದು, ದುಡ್ಡು ಕೂಡಿಸುವುದು, ಎಲ್ಲರೂ ಸಮಯಕ್ಕೆ ಬರುವುದು ಇವೆಲ್ಲ ಅಲ್ಲೇ ರೂಢಿಯಾಗುತ್ತದೆ.

ಹುಲಿಯನ್ನು ಕಣ್ಣಾರೆ ನೋಡಲೇಬೇಕು ಅನ್ನುವವರಿಗೆ ತ್ಯಾವರೆಕೊಪ್ಪ ಇದೆ. ಶಿವಮೊಗ್ಗದಿಂದ ಸಾಗರದ ರಸ್ತೆಯಲ್ಲಿ ಸುಮಾರು 10 ಕಿಲೋಮೀಟರು. 1988ರಲ್ಲಿ ಶುರುವಾದದ್ದು. ಅಲ್ಲಿನ ಹುಲಿ, ಸಿಂಹಗಳು ಬೇಲಿಯೊಳಗೆ ಇರುತ್ತವೆ. ಅವಕ್ಕೆ ಹೊತ್ತು ಹೊತ್ತಿಗೆ ಮಾಂಸ ಹಾಕುತ್ತಾರೆ. ಹುಲಿ ಎಷ್ಟು ದೊಡ್ಡದು, ನಡೆಯುವುದು ಹೇಗೆ ಅಂತ ಅಲ್ಲಿ ಚೆನ್ನಾಗಿ ಕಾಣುತ್ತದೆ. ಮಕ್ಕಳಿಗೆ ಒಳ್ಳೆಯ ಜಾಗ. ಆದರೆ ಅದು ಸಾಕಿದ ಹುಲಿ. ಕಾಡಿನ ಹುಲಿಯಂತೆ ಬೇಟೆಯಾಡಿ ಬದುಕುವುದಿಲ್ಲ.

ಕೊನೆಗೆ, ಹೊರಡುವ ಹಿಂದಿನ ದಿನ ಸಂಜೆ ಒಮ್ಮೆ ಫೋನು ಮಾಡಿ ಸಫಾರಿ ಇದೆಯಾ ಅಂತ ಕೇಳಿಕೊಳ್ಳಿ. ಮಳೆ ಬಂದರೆ, ಕಾಡಿಗೆ ಬೆಂಕಿ ಬಿದ್ದರೆ ನಿಲ್ಲಿಸುತ್ತಾರೆ. 2025ರ ಅಕ್ಟೋಬರ್, ನವೆಂಬರಿನಲ್ಲಿ ಮೈಸೂರು ಕಡೆ ಹುಲಿ ದಾಳಿಯಿಂದ ರೈತರು ಸತ್ತರು. ಆಗ ಬಂಡೀಪುರ, ನಾಗರಹೊಳೆಯ ಸಫಾರಿಯನ್ನೇ ಸರ್ಕಾರ ನಿಲ್ಲಿಸಿತು. ಹೀಗೆ ಏನಾದರೂ ಆದರೆ ಸೇರಿದ 12 ಜನ ಬೇಸರದಿಂದ ಮನೆಗೆ ಹೋಗುವುದು ಬೇಡ. ಗಾಡಿ ಹೇಗೂ ಗೊತ್ತು ಮಾಡಿದೆ. ಸಕ್ರೆಬೈಲಿನ ಆನೆ ಬಿಡಾರ ನೋಡಿ, ಅಲ್ಲಿಂದ ತ್ಯಾವರೆಕೊಪ್ಪಕ್ಕೆ ಹೋಗಬಹುದು. ತ್ಯಾವರೆಕೊಪ್ಪಕ್ಕೆ ವಾರಕ್ಕೊಂದು ದಿನ ರಜ ಇರುತ್ತದೆ, ಅದನ್ನೂ ಕೇಳಿಕೊಳ್ಳಿ. ಸಕ್ರೆಬೈಲಿನಲ್ಲಿ ಆನೆಗಳಿಗೆ ತುಂಗೆಯಲ್ಲಿ ಸ್ನಾನ ಮಾಡಿಸುವುದು ಬೆಳಗಿನ ಹೊತ್ತು ಮಾತ್ರ. ಆಮೇಲೆ ಅವನ್ನು ಕಾಡಿಗೆ ಬಿಡುತ್ತಾರೆ. ಅದನ್ನು ನೋಡಬೇಕಾದರೆ ಸೊರಬದವರು ಬೆಳಗಿನ ಜಾವ ಐದು ಗಂಟೆಗೇ ಹೊರಡಬೇಕು.